ಗಣರಾಜ್ಯದ ಮೊದಲ ಚುನಾವಣೆಯಲ್ಲಿ ಗೆದ್ದ ಬೆಳ್ಳೆಯ ಜೋಕಿಂ ಆಳ್ವ

ಚುನಾವಣೆ ಹತ್ತಿರ ಬಂದಾಗಲೆಲ್ಲ ಕರಾವಳಿಯ ಚರ್ಚ್‌ಗಳ ಅಂಗಳದಲ್ಲಿ ಒಂದು ಮಾತು ಕೇಳಿಬರುತ್ತದೆ. ನಾವು ಸಂಖ್ಯೆಯಲ್ಲಿ ಕಡಿಮೆ, ನಮ್ಮವರು ನಿಂತರೂ ಗೆಲ್ಲುವುದು ಕಷ್ಟ, ಹಾಗಾಗಿ ರಾಜಕೀಯ ನಮಗೆ ಹೇಳಿಸಿದ್ದಲ್ಲ ಎಂಬುದು ಆ ಮಾತು. ಹೀಗೆ ಹೇಳುವವರಲ್ಲಿ ಎಷ್ಟೋ ಮಂದಿಗೆ ಒಂದು ಸಂಗತಿ ತಿಳಿದಿರಲಿಕ್ಕಿಲ್ಲ. ನಮ್ಮ ಕರಾವಳಿಯಲ್ಲೇ ಹುಟ್ಟಿದ ಒಬ್ಬ ಕಥೊಲಿಕ ವ್ಯಕ್ತಿ ಭಾರತ ಗಣರಾಜ್ಯದ ಮೊತ್ತಮೊದಲ ಮಹಾಚುನಾವಣೆಯಲ್ಲಿ, ಕ್ರೈಸ್ತರು ತೀರಾ ಕಡಿಮೆ ಇದ್ದ ಕ್ಷೇತ್ರದಿಂದ ನಿಂತು ಗೆದ್ದರು. ಮುಂದಿನ ಎರಡು ಚುನಾವಣೆಗಳಲ್ಲೂ ಅದೇ ಜನ ಅವರನ್ನೇ ಆರಿಸಿ ಕಳಿಸಿದರು. ಅವರೇ ಉಡುಪಿ ಸಮೀಪದ ಬೆಳ್ಳೆಯ ಜೋಕಿಂ ಆಳ್ವ.

ಬೆಳ್ಳೆಯಿಂದ ಮುಂಬಯಿಗೆ

ಜೋಕಿಂ ಆಳ್ವ ಅವರು ಹುಟ್ಟಿದ್ದು 1907ರ ಜನವರಿ 21ರಂದು. ಆಗ ಬೆಳ್ಳೆ ಗ್ರಾಮ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆಗೆ ಸೇರಿತ್ತು. ಆಳ್ವ ಎಂಬುದು ಈ ನಾಡಿನ ಬಂಟರಲ್ಲೂ ಇರುವ ಹೆಸರು. ಹೆಸರನ್ನು ಕೇಳಿದ ಮಾತ್ರಕ್ಕೆ ಯಾವ ಧರ್ಮದವರೆಂದು ಹೊರಗಿನವರಿಗೆ ಹೇಳಲಾಗದು. ನೆರೆಹೊರೆಯೊಂದಿಗೆ ಬೆರೆತು ಬಾಳಿದ ಕರಾವಳಿಯ ಕ್ರೈಸ್ತರ ಚರಿತ್ರೆ ಆ ಒಂದು ಹೆಸರಿನಲ್ಲೇ ಇದೆ.

ಆ ಕಾಲದಲ್ಲಿ ಓದಿನ ಹಂಬಲವಿದ್ದ ಕರಾವಳಿಯ ಯುವಕರಿಗೆ ಮುಂಬಯಿಯೇ ದೊಡ್ಡ ಬಾಗಿಲು. ಆಳ್ವರೂ ಮುಂಬಯಿಗೆ ಹೋದರು. ಎಲ್ಫಿನ್‌ಸ್ಟನ್ ಕಾಲೇಜು, ಯೇಸುಸಭೆಯ ಗುರುಗಳ ಸಂತ ಕ್ಸೇವಿಯರ್ ಕಾಲೇಜು ಮತ್ತು ಸರಕಾರಿ ಕಾನೂನು ಕಾಲೇಜುಗಳಲ್ಲಿ ಓದಿ ವಕೀಲರಾದರು. ವಿದ್ಯಾರ್ಥಿಯಾಗಿದ್ದಾಗಲೇ ಒಳ್ಳೆಯ ಭಾಷಣಕಾರರೆಂದು ಹೆಸರಾಗಿದ್ದರು. 1928ರಲ್ಲಿ ಸೈಮನ್ ಆಯೋಗ ಮುಂಬಯಿಯಲ್ಲಿ ಬಂದಿಳಿದಾಗ ದೇಶದ ಯುವಜನರು ಅದನ್ನು ಬಹಿಷ್ಕರಿಸಿದರು. ಅದೇ ವರ್ಷ ಕೆ. ಎಫ್. ನರಿಮನ್ ಮೊದಲಾದವರ ಜೊತೆ ಸೇರಿ ಬಾಂಬೆ ಯೂತ್ ಲೀಗ್ ಕಟ್ಟಿದವರಲ್ಲಿ ಇಪ್ಪತ್ತೊಂದು ವರ್ಷದ ಆಳ್ವರೂ ಒಬ್ಬರು.

ಕ್ರೈಸ್ತರನ್ನು ಚಳವಳಿಗೆ ಕರೆದವರು

ಆ ದಿನಗಳಲ್ಲಿ ಸ್ವಾತಂತ್ರ್ಯ ಚಳವಳಿಯಿಂದ ದೂರ ನಿಂತ ಕ್ರೈಸ್ತರು ಬಹಳ ಮಂದಿ ಇದ್ದರು. ಆಳುವವರು ಕ್ರೈಸ್ತರಾದ್ದರಿಂದ ತಮಗೆ ಅವರ ನೆರಳೇ ಕ್ಷೇಮ ಎಂದು ಕೆಲವರು ನಂಬಿದ್ದರು. ಬ್ರಿಟಿಷರು ಹೋದ ಮೇಲೆ ಬಹುಸಂಖ್ಯಾತರ ನಡುವೆ ನಮ್ಮ ಗತಿಯೇನು ಎಂಬ ಭಯ ಇನ್ನು ಕೆಲವರಿಗೆ. ಇದಕ್ಕೆ ಅಪವಾದವಾಗಿ ನಿಂತವರೂ ಇದ್ದರು. ಮುಂಬಯಿಯ ಕಥೊಲಿಕರಾದ ಜೋಸೆಫ್ ಬಾಪ್ಟಿಸ್ಟಾ ಅವರು ತಿಲಕರ ಜೊತೆ ಹೋಮ್ ರೂಲ್ ಚಳವಳಿಯಲ್ಲಿ ದುಡಿದು ಜನರಿಂದ ಕಾಕಾ ಎಂದು ಕರೆಸಿಕೊಂಡಿದ್ದರು. ಅವರು 1930ರಲ್ಲಿ ತೀರಿಕೊಂಡರು. ಅದೇ 1930ರಲ್ಲಿ ಯುವಕ ಆಳ್ವರು ನ್ಯಾಷನಲಿಸ್ಟ್ ಕ್ರಿಶ್ಚಿಯನ್ ಪಾರ್ಟಿಯನ್ನು ಸ್ಥಾಪಿಸಿದರು.

ಹೆಸರು ನೋಡಿದರೆ ಕ್ರೈಸ್ತರಿಗೆ ಪ್ರತ್ಯೇಕ ಪಾಲು ಕೇಳುವ ಪಕ್ಷ ಎನಿಸಬಹುದು. ಅದರ ಉದ್ದೇಶ ಬೇರೆಯೇ ಆಗಿತ್ತು. ಕ್ರೈಸ್ತರನ್ನು ಅವರ ಮೂಲೆಯಿಂದ ಎಬ್ಬಿಸಿ ದೇಶದ ಚಳವಳಿಯ ನಡುವಿಗೆ ಕರೆತರುವುದೇ ಅದರ ಕೆಲಸ. ಬೀದಿಗಿಳಿದದ್ದಕ್ಕೆ ಆಳ್ವರು ಬೆಲೆಯನ್ನೂ ತೆತ್ತರು. ವಕೀಲಿ ವೃತ್ತಿಯ ಸುಖ ಬಿಟ್ಟುಹೋಯಿತು, ರಾಜದ್ರೋಹದ ಆಪಾದನೆ ಬಂತು, ಸೆರೆಮನೆ ವಾಸವಾಯಿತು.

ಸಹಧರ್ಮಿಣಿ ವಯೊಲೆಟ್

1937ರಲ್ಲಿ ಆಳ್ವರು ವಯೊಲೆಟ್ ಹರಿ ಅವರನ್ನು ಮದುವೆಯಾದರು. 1908ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ವಯೊಲೆಟ್ ಅವರದು ಗುಜರಾತಿನ ಪ್ರೊಟೆಸ್ಟಂಟ್ ಕುಟುಂಬ. ತಂದೆ ರೆವರೆಂಡ್ ಲಕ್ಷ್ಮಣ ಹರಿ ಸಭಾಪಾಲಕರಾಗಿದ್ದರು. ಬೆಳ್ಳೆಯ ಕೊಂಕಣಿ ಕಥೊಲಿಕರು ಒಬ್ಬರು, ಗುಜರಾತಿ ಪ್ರೊಟೆಸ್ಟಂಟರು ಇನ್ನೊಬ್ಬರು. ಭಾಷೆ, ಪ್ರಾಂತ್ಯ, ಸಭೆ ಮೂರೂ ಬೇರೆಯಾಗಿದ್ದ ಈ ದಾಂಪತ್ಯ ಆ ಕಾಲಕ್ಕೆ ಸಾಮಾನ್ಯವಾದುದಲ್ಲ. ಇಬ್ಬರೂ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಓದಿದವರು, ಇಬ್ಬರೂ ಕಾನೂನು ಕಲಿತವರು.

1943ರ ಆಗಸ್ಟ್ 9ರಂದು, ಭಾರತ ಬಿಟ್ಟು ತೊಲಗಿ ಚಳವಳಿಗೆ ಒಂದು ವರ್ಷ ತುಂಬಿದ ದಿನ, ದಂಪತಿಗಳು ಫೋರಂ ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು ಆರಂಭಿಸಿದರು. ನಾಯಕರೆಲ್ಲ ಸೆರೆಯಲ್ಲಿದ್ದ, ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲವದು. ರಾಷ್ಟ್ರೀಯ ಚಳವಳಿಯ ಪರವಾಗಿ ಬರೆದುದಕ್ಕೆ ಸರಕಾರ ಪತ್ರಿಕೆಯ ಬೆನ್ನು ಹತ್ತಿತು. ಅದೇ 1943ರಲ್ಲಿ ವಯೊಲೆಟ್ ಅವರನ್ನು ಬಂಧಿಸಿದಾಗ ಅವರ ಕೈಯಲ್ಲಿ ಐದು ತಿಂಗಳ ಮಗು ಚಿತ್ತರಂಜನ್ ಇದ್ದ. ಆ ಎಳೆಗೂಸನ್ನು ಎತ್ತಿಕೊಂಡೇ ಅವರು ಆರ್ಥರ್ ರೋಡ್ ಜೈಲಿಗೆ ಹೋದರು. 1944ರಲ್ಲಿ ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದಿಸಿದ ಮೊದಲ ಮಹಿಳಾ ವಕೀಲರೆಂಬ ಹೆಸರು ಅವರಿಗೆ ಬಂತು. ಅದೇ ವರ್ಷ ಬೇಗಂ ಎಂಬ ಮಹಿಳಾ ಪತ್ರಿಕೆಯನ್ನೂ ಆರಂಭಿಸಿದರು. ಆಳ್ವರು ದೇಶದ ನಾಯಕರ ಬಗ್ಗೆ ಬರೆದ ಮೆನ್ ಅಂಡ್ ಸೂಪರ್‌ಮೆನ್ ಆಫ್ ಹಿಂದುಸ್ತಾನ್ ಪುಸ್ತಕ ಪ್ರಕಟವಾದದ್ದೂ 1943ರಲ್ಲೇ.

ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ ಆಳ್ವರು ಮುಂಬಯಿ ನಗರದ ಶೆರೀಫರಾದರು. 1950ರಲ್ಲಿ ತಾತ್ಕಾಲಿಕ ಸಂಸತ್ತಿನ ಸದಸ್ಯರಾದರು.

ಮೀಸಲು ಸ್ಥಾನ ಬಿಟ್ಟುಕೊಟ್ಟ ದಿನಗಳು

ಆಳ್ವರ ಗೆಲುವಿನ ತೂಕ ತಿಳಿಯಬೇಕಾದರೆ ಅದಕ್ಕೆ ಮುಂಚಿನ ಒಂದು ತೀರ್ಮಾನವನ್ನು ನೆನೆಯಬೇಕು. 1935ರ ಕಾಯಿದೆಯಡಿ ಪ್ರಾಂತ್ಯಗಳ ಶಾಸನಸಭೆಗಳಲ್ಲಿ ಭಾರತೀಯ ಕ್ರೈಸ್ತರಿಗೆ ಬೇರೆಯೇ ಸ್ಥಾನಗಳಿದ್ದವು. ಮದ್ರಾಸ್ ಪ್ರಾಂತ್ಯದ 215 ಸ್ಥಾನಗಳಲ್ಲಿ 8 ಕ್ರೈಸ್ತರಿಗೆ. ಅವುಗಳಿಗೆ ಮತ ಹಾಕುವವರೂ ಕ್ರೈಸ್ತರೇ. ಅದೂ ಎಲ್ಲರಿಗಲ್ಲ, ಆಸ್ತಿ, ತೆರಿಗೆ, ವಿದ್ಯೆಯ ಅರ್ಹತೆ ಇದ್ದವರಿಗೆ ಮಾತ್ರ. ಕ್ರೈಸ್ತ ಅಭ್ಯರ್ಥಿ ಹಿಂದೂ ಅಥವಾ ಮುಸ್ಲಿಂ ನೆರೆಯವರ ಬಳಿ ಮತ ಕೇಳಬೇಕಾಗಿರಲಿಲ್ಲ. ಅವರ ಕಷ್ಟಸುಖ ಕೇಳುವ ಅಗತ್ಯವೂ ಬೀಳುತ್ತಿರಲಿಲ್ಲ.

ಸಂವಿಧಾನ ರಚನಾ ಸಭೆಯಲ್ಲಿ ಈ ಪ್ರಶ್ನೆ ಮತ್ತೆ ಎದ್ದಿತು. ಪ್ರತ್ಯೇಕ ಮತದಾರರ ಪಟ್ಟಿ ಬೇಡ, ಆದರೆ ಕೆಲಕಾಲ ಮೀಸಲು ಸ್ಥಾನ ಇರಲಿ ಎಂದು 1947ರಲ್ಲಿ ಒಪ್ಪಲಾಗಿತ್ತು. 1949ರ ಮೇ ತಿಂಗಳಲ್ಲಿ, ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿಯ ಶಿಫಾರಸಿನಂತೆ, ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನೂ ಕೈಬಿಡಲಾಯಿತು. ಕ್ರೈಸ್ತ ನಾಯಕರು ಇದಕ್ಕೆ ಅಡ್ಡ ಬರಲಿಲ್ಲ. ಬಂಗಾಳದ ಕ್ರೈಸ್ತರಾದ ಎಚ್. ಸಿ. ಮುಖರ್ಜಿ ಮತ್ತು ನಮ್ಮ ಮಂಗಳೂರಿನವರೇ ಆದ ಯೇಸುಸಭೆಯ ಗುರು ವಂದನೀಯ ಜೆರೊಮ್ ಡಿಸೋಜ ಅವರು ಜೊತೆಗೇ ನಿಂತರು. ಧರ್ಮವನ್ನು ಅನುಸರಿಸುವ, ಸಾರುವ ಹಕ್ಕು ಸಂವಿಧಾನದಲ್ಲಿ ಭದ್ರವಾಗಲಿ, ಸ್ಥಾನಗಳ ಗೋಡೆ ಬೇಡ ಎಂಬುದು ಅವರ ನಿಲುವಿನ ಸಾರ. ಧರ್ಮದ ಆಧಾರದಲ್ಲಿ ಮತದಾರರ ಪಟ್ಟಿ ಬೇರೆ ಮಾಡಬಾರದೆಂದು 325ನೆಯ ವಿಧಿಯೂ, ವಯಸ್ಕರೆಲ್ಲರಿಗೂ ಮತದಾನದ ಹಕ್ಕೆಂದು 326ನೆಯ ವಿಧಿಯೂ ಹೇಳಿದವು.

ಇದು ಸಣ್ಣ ತ್ಯಾಗವಲ್ಲ. ಕೈಯಲ್ಲಿದ್ದ ಖಚಿತ ಸ್ಥಾನಗಳನ್ನು ಬಿಟ್ಟು, ನೆರೆಯವರ ವಿಶ್ವಾಸದ ಮೇಲೆ ಭಾರ ಹಾಕಿದಂತಾಯಿತು. ನೆರೆಯವರು ಕೈಬಿಟ್ಟರೆ? ಆ ಪ್ರಶ್ನೆಗೆ ಉತ್ತರ ಕಾಗದದ ಮೇಲೆ ಸಿಗುವಂತಿರಲಿಲ್ಲ. ಚುನಾವಣೆಯಲ್ಲೇ ಸಿಗಬೇಕಾಗಿತ್ತು.

ಹೊಸ ಗಣರಾಜ್ಯ, ಹೊಸ ಮತದಾರರು

1951ರ ಅಕ್ಟೋಬರ್ 25ರಂದು ಹಿಮಾಚಲದ ಚಿನಿ ಎಂಬ ಊರಿನಲ್ಲಿ ಆರಂಭವಾದ ಮತದಾನ 1952ರ ಫೆಬ್ರವರಿವರೆಗೆ ನಡೆಯಿತು. ಮತದಾರರು 17 ಕೋಟಿಗೂ ಹೆಚ್ಚು, ಲೋಕಸಭೆಯ ಸ್ಥಾನಗಳು 489. ಅದೇ ಕಾಲದಲ್ಲಿ ಯುರೋಪಿನಲ್ಲೂ ಹೊಸ ಗಣರಾಜ್ಯಗಳು ತಲೆ ಎತ್ತುತ್ತಿದ್ದವು. ಇಟಲಿ 1946ರ ಜೂನ್ 2ರ ಜನಮತದಲ್ಲಿ ಅರಸೊತ್ತಿಗೆಯನ್ನು ಬಿಟ್ಟು ಗಣರಾಜ್ಯವಾಯಿತು. ಅದರ ಮೊದಲ ಸಂಸತ್ತಿನ ಚುನಾವಣೆ ನಡೆದದ್ದು 1948ರ ಏಪ್ರಿಲಿನಲ್ಲಿ. ಅಲ್ಲಿನ ಮತದಾರರು ಸುಮಾರು 2.9 ಕೋಟಿ. ಅಲ್ಲಿ ಕಥೊಲಿಕರಾದ ಅಲ್ಚೀದೆ ದೆ ಗಾಸ್ಪೆರಿ ಅವರ ಕ್ರೈಸ್ತ ಪ್ರಜಾಪ್ರಭುತ್ವ ಪಕ್ಷ ಶಿಲುಬೆಯ ಗುರುತಿನಲ್ಲೇ ನಿಂತು ಭಾರೀ ಜಯ ಗಳಿಸಿತು. ಕ್ರೈಸ್ತರೇ ತುಂಬಿದ ದೇಶದಲ್ಲಿ ಅದು ಸಾಧ್ಯವಿತ್ತು. ನೂರಕ್ಕೆ ಎರಡು ಮೂರರಷ್ಟೇ ಕ್ರೈಸ್ತರಿರುವ ನಮ್ಮ ದೇಶದಲ್ಲಿ ದಾರಿ ಬೇರೆ. ಇಲ್ಲಿ ಕ್ರೈಸ್ತ ಅಭ್ಯರ್ಥಿ ಎಲ್ಲರ ಅಭ್ಯರ್ಥಿಯಾಗಿಯೇ ನಿಲ್ಲಬೇಕು.

ನಮ್ಮ ಮತದಾರರಲ್ಲಿ ಬಹುಪಾಲು ಜನರಿಗೆ ಓದು ಬರಹ ಬರುತ್ತಿರಲಿಲ್ಲ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಇದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಮತಗಟ್ಟೆಯ ಮರೆಯಲ್ಲಿ ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಒಂದು ರೂಪಾಯಿ ನೋಟಿನಷ್ಟು ಗಾತ್ರದ ಮತಪತ್ರವನ್ನು ಮತದಾರರು ತಮಗೆ ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಕಾಂಗ್ರೆಸಿಗೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳಿಗೆ ಆಲದ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಜನಸಂಘಕ್ಕೆ ದೀಪ. ಇನ್ನೊಂದು ತೊಡಕೂ ಎದುರಾಯಿತು. ಉತ್ತರದ ರಾಜ್ಯಗಳಲ್ಲಿ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರಿಲ್ಲದೆ ಪಟ್ಟಿಯಲ್ಲಿ ಸ್ಥಾನವಿಲ್ಲವೆಂದು ಸುಮಾರು 28 ಲಕ್ಷ ಮಹಿಳೆಯರನ್ನು ಕೈಬಿಡಬೇಕಾಯಿತು.

ಕನ್ನಡ ನಾಡು ಆಗ ಒಂದಾಗಿರಲಿಲ್ಲ. ಮಂಗಳೂರು, ಉಡುಪಿಯವರು ಮದ್ರಾಸ್ ರಾಜ್ಯದ ಮತದಾರರು. ಅಲ್ಲಿಂದ ಗೆದ್ದವರು ಯು. ಶ್ರೀನಿವಾಸ ಮಲ್ಯ ಮತ್ತು ಬಿ. ಶಿವರಾವ್. ಘಟ್ಟದ ಮೇಲೆ ಕಡೂರು ತಾಲೂಕಿನ ಎಮ್ಮೆದೊಡ್ಡಿಯಂಥ ಹಳ್ಳಿಯವರು ಮೈಸೂರು ರಾಜ್ಯದ ಹಾಸನ-ಚಿಕ್ಕಮಗಳೂರು ಕ್ಷೇತ್ರಕ್ಕೆ ಸೇರಿದ್ದರು. ಹೆಸರಿನಲ್ಲೇ ಎಮ್ಮೆಯನ್ನೂ ದೊಡ್ಡಿಯನ್ನೂ ಹೊತ್ತ, ಅಮೃತಮಹಲ್ ಕಾವಲುಗಳ ಸೀಮೆಯ ಆ ರೈತರಿಗೆ ಜೋಡೆತ್ತಿನ ಚಿತ್ರವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಉತ್ತರಕ್ಕೆ ಕಾರವಾರ, ಶಿರಸಿ, ಹೊನ್ನಾವರದವರು ಮುಂಬಯಿ ರಾಜ್ಯದವರು. 1862ರಿಂದಲೂ ಉತ್ತರ ಕನ್ನಡ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು. ಬೆಳ್ಳೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಆಳ್ವರು ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತದ್ದು ಈ ಜಿಲ್ಲೆಯ ಕೆನರಾ ಕ್ಷೇತ್ರದಲ್ಲಿ.

ಕೆನರಾದ ಜನ ಕೊಟ್ಟ ಉತ್ತರ

ಕ್ಷೇತ್ರ ಸುಲಭದ್ದಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ದಟ್ಟ ಕಾಡು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ಹೊಳೆಗಳು ಕರಾವಳಿಯನ್ನು ಅಡ್ಡ ಸೀಳುತ್ತವೆ. ಕಾರವಾರದಲ್ಲಿ ಕಾಳಿ ಹೊಳೆಗೆ ಸೇತುವೆ ಬಂದದ್ದೇ 1983ರಲ್ಲಿ. ಜನರಾದರೋ ಹವ್ಯಕರು, ನಾಮಧಾರಿಗಳು, ಹಾಲಕ್ಕಿಗಳು, ಮೀನುಗಾರರು, ನವಾಯತ ಮುಸ್ಲಿಮರು, ಸಾರಸ್ವತರು ಹೀಗೆ ಹಲವು ಬಗೆ. ಕ್ರೈಸ್ತರು ತೀರಾ ಕಡಿಮೆ. 2011ರ ಜನಗಣತಿಯಲ್ಲೂ ಜಿಲ್ಲೆಯಲ್ಲಿ ಅವರ ಪ್ರಮಾಣ ನೂರಕ್ಕೆ ಸುಮಾರು ಮೂರು.

ಆದರೆ ಈ ಜಿಲ್ಲೆಗೆ ಸ್ವಾತಂತ್ರ್ಯ ಹೋರಾಟವೆಂದರೆ ಏನೆಂದು ಗೊತ್ತಿತ್ತು. 1930ರಲ್ಲಿ ಅಂಕೋಲೆಯ ಕಡಲ ತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಹಿಂದೆಯೇ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಕಂದಾಯ ಕೊಡದೆ ಮನೆ, ಜಮೀನು, ದನಕರುಗಳನ್ನು ಕಳೆದುಕೊಂಡರೂ ಜಗ್ಗಲಿಲ್ಲ. ಅಂಥ ಜನರಿಗೆ ಅಭ್ಯರ್ಥಿಯ ಧರ್ಮಕ್ಕಿಂತ ಅವರು ಸೆರೆಮನೆ ಕಂಡವರೇ, ದೇಶಕ್ಕಾಗಿ ದುಡಿದವರೇ ಎಂಬುದು ದೊಡ್ಡದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆಳ್ವರು ಗೆದ್ದರು. ಕಾಂಗ್ರೆಸಿಗೆ ದೇಶದಲ್ಲಿ ದೊರೆತ 364 ಸ್ಥಾನಗಳಲ್ಲಿ ಕೆನರಾವೂ ಒಂದಾಯಿತು. ನೆಹರೂ ಅಲೆಯ ಬಲ ಅದಕ್ಕಿತ್ತು ಎಂಬುದು ನಿಜ. ಆದರೂ ಕ್ರೈಸ್ತರಲ್ಲದ ಮತದಾರರು ಅವರ ಹೆಸರನ್ನು ಕೇಳಿ ಹಿಂದೆ ಸರಿಯಲಿಲ್ಲ ಎಂಬುದೂ ಅಷ್ಟೇ ನಿಜ. ಮೂರು ವರ್ಷಗಳ ಹಿಂದೆ ಮೀಸಲು ಸ್ಥಾನ ಬಿಟ್ಟುಕೊಟ್ಟವರ ವಿಶ್ವಾಸ ಇಲ್ಲಿ ಹುಸಿಯಾಗಲಿಲ್ಲ.

1956ರ ನವೆಂಬರ್ 1ರಂದು ಉತ್ತರ ಕನ್ನಡ, ದಕ್ಷಿಣ ಕನ್ನಡ, ಕಡೂರು ಎಲ್ಲವೂ ಒಂದೇ ಮೈಸೂರು ರಾಜ್ಯದೊಳಗೆ ಬಂದವು. ರಾಜ್ಯ ಬದಲಾದರೂ ಜನರ ಮನಸ್ಸು ಬದಲಾಗಲಿಲ್ಲ. 1957ರಲ್ಲೂ 1962ರಲ್ಲೂ ಕೆನರಾದವರು ಆಳ್ವರನ್ನೇ ಆರಿಸಿದರು. ಹದಿನೈದು ವರ್ಷಗಳ ಆ ಅವಧಿಯಲ್ಲಿ ರಾಜ್ಯಗಳ ಪುನರ್ವಿಂಗಡಣೆ, ಜಿಲ್ಲೆಯ ಗಡಿಗೇ ತಾಗಿದ ಗೋವಾದ ವಿಮೋಚನೆ, ಚೀನಾ ಮತ್ತು ಪಾಕಿಸ್ತಾನದ ಯುದ್ಧಗಳು, ನೆಹರೂ ಹಾಗೂ ಶಾಸ್ತ್ರಿಯವರ ನಿಧನ ಎಲ್ಲವನ್ನೂ ಅವರು ಲೋಕಸಭೆಯಲ್ಲಿದ್ದು ಕಂಡರು.

1967ರಲ್ಲಿ ಕೆನರಾ ಬೇರೆಯವರನ್ನು ಆರಿಸಿತು. ಚುಟುಕುಗಳ ಕವಿ, ಜಿಲ್ಲೆಯಲ್ಲಿ ಶಾಲೆಗಳನ್ನು ಕಟ್ಟಿದ ದಿನಕರ ದೇಸಾಯಿ ಅವರು ಪಕ್ಷೇತರರಾಗಿ ಗೆದ್ದರು. ತಮಗಾಗಿ ದುಡಿದವರನ್ನು ಆ ಜನ ಮತ್ತೊಮ್ಮೆ ಗುರುತಿಸಿದರು ಎನ್ನಬೇಕು.

ಸಂಸತ್ತಿನ ಮೊದಲ ದಂಪತಿ

1952ರಲ್ಲೇ ವಯೊಲೆಟ್ ಆಳ್ವ ಅವರು ರಾಜ್ಯಸಭೆಯ ಸದಸ್ಯರಾದರು. ಗಂಡ ಲೋಕಸಭೆಯಲ್ಲಿ, ಹೆಂಡತಿ ರಾಜ್ಯಸಭೆಯಲ್ಲಿ. ಭಾರತದ ಸಂಸತ್ತಿನ ಮೊದಲ ದಂಪತಿ ಎಂಬ ಕೀರ್ತಿ ಇವರದಾಯಿತು. 1957ರಲ್ಲಿ ವಯೊಲೆಟ್ ಅವರು ಕೇಂದ್ರದ ಗೃಹ ಖಾತೆಯ ಉಪಮಂತ್ರಿಯಾದರು. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾಗಿ ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆಯಾದರು. 1969ರ ನವೆಂಬರಿನಲ್ಲಿ ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ಕೆಲವೇ ದಿನಗಳಲ್ಲಿ, ನವೆಂಬರ್ 20ರಂದು, ಅವರು ನಿಧನರಾದರು.

ಜೋಕಿಂ ಆಳ್ವರು 1968ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು 1974ರವರೆಗೆ ಅಲ್ಲಿದ್ದರು. ಅದೇ 1974ರಲ್ಲಿ ಅವರ ಸೊಸೆ, ಮಂಗಳೂರಿನ ಮಾರ್ಗರೆಟ್ ಆಳ್ವ ಅವರು ರಾಜ್ಯಸಭೆಗೆ ಬಂದರು. ಮುಂದೆ 1999ರಲ್ಲಿ ಮಾವ ಗೆದ್ದಿದ್ದ ಅದೇ ಕೆನರಾ ಕ್ಷೇತ್ರದಿಂದ ಲೋಕಸಭೆಗೂ ಆಯ್ಕೆಯಾದರು. ಜೋಕಿಂ ಆಳ್ವರು 1979ರ ಜೂನ್ 28ರಂದು ತೀರಿಕೊಂಡರು. ಈ ದಂಪತಿಗಳ ಭಾವಚಿತ್ರ ಸಂಸತ್ತಿನಲ್ಲಿ ಸ್ಥಾನ ಪಡೆದಿದೆ. 2008ರ ನವೆಂಬರಿನಲ್ಲಿ ಅಂಚೆ ಇಲಾಖೆ ಇಬ್ಬರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರತಂದಿತು.

ನಮಗಿರುವ ಪಾಠ

ಪ್ರಿಯ ಓದುಗರೇ, ಈ ಜೀವನವನ್ನು ಓದಿ ನಮ್ಮವರೊಬ್ಬರು ದೊಡ್ಡವರಾಗಿದ್ದರು ಎಂದು ಹೆಮ್ಮೆಪಟ್ಟು ಬಿಟ್ಟರೆ ಸಾಲದು. ಆಳ್ವರು ಗೆದ್ದದ್ದು ಕ್ರೈಸ್ತರ ಮತಗಳನ್ನು ಒಟ್ಟುಮಾಡಿ ಅಲ್ಲ, ಅದರಿಂದ ಗೆಲ್ಲುವುದೂ ಸಾಧ್ಯವಿರಲಿಲ್ಲ. ಮತ ಕೇಳುವ ಇಪ್ಪತ್ತು ವರ್ಷ ಮೊದಲೇ ಅವರು ಎಲ್ಲರ ಹೋರಾಟದಲ್ಲಿ ಹೆಗಲು ಕೊಟ್ಟಿದ್ದರು. ವಿಶ್ವಾಸ ಚುನಾವಣೆಯ ತಿಂಗಳಲ್ಲಿ ಹುಟ್ಟುವುದಿಲ್ಲ. ಗ್ರಾಮಸಭೆಯಲ್ಲಿ, ಹಾಲಿನ ಸೊಸೈಟಿಯಲ್ಲಿ, ಶಾಲೆಯ ಸಮಿತಿಯಲ್ಲಿ, ನೀರು ರಸ್ತೆಗಳ ಜಗಳದಲ್ಲಿ ನೆರೆಯವರ ಜೊತೆ ನಿಲ್ಲುವಾಗ ಅದು ಹುಟ್ಟುತ್ತದೆ. ಅಲ್ಲಿ ನಾವು ಕಾಣಿಸದೆ ಹೋದರೆ ಮತಪೆಟ್ಟಿಗೆಯ ಬಳಿ ನಮ್ಮನ್ನು ಯಾರೂ ಗುರುತಿಸಲಾರರು.

ಕಾಲ ಬದಲಾಗಿದೆ, ಇಂದಿನ ಚುನಾವಣೆಗಳಲ್ಲಿ ಹಣದ, ಜಾತಿಯ, ಧರ್ಮದ ಲೆಕ್ಕಾಚಾರ ಹೆಚ್ಚಿದೆ ಎಂದು ಹೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಕೆನರಾದ 1952ರ ಉತ್ತರ ಪ್ರತಿ ಕಡೆಯೂ ಪ್ರತಿ ಸಲವೂ ಬರುತ್ತದೆಂಬ ಖಾತ್ರಿ ಯಾರೂ ಕೊಡಲಾರರು. ಹಾಗೆಂದು ಮತ್ತೆ ಗೋಡೆಯ ಒಳಗೆ ಸೇರಿಕೊಂಡರೆ ಭಯ ಕಡಿಮೆಯಾಗುವುದಿಲ್ಲ, ಪರಿಚಯ ಮಾತ್ರ ಕಡಿಮೆಯಾಗುತ್ತದೆ.

ಇನ್ನು ಕೈಯಲ್ಲೇ ಇರುವ ಕೆಲಸ ನೋಡೋಣ. ಮೊದಲ ಚುನಾವಣೆಯಲ್ಲಿ ಮತದಾನದ ವಯಸ್ಸು 21. 1989ರಿಂದ ಅದು 18. ಅಂದು ಮತ ಹಾಕಿದವರು ನೂರಕ್ಕೆ ಸುಮಾರು 45 ಮಂದಿ. 2024ರ ಲೋಕಸಭಾ ಚುನಾವಣೆಯಲ್ಲಿ ಸುಮಾರು 66. ಅಂದರೆ ಇಂದಿಗೂ ಮೂವರಲ್ಲಿ ಒಬ್ಬರು ಮತಗಟ್ಟೆಗೆ ಬರುತ್ತಿಲ್ಲ. ನಮ್ಮ ಚರ್ಚ್‌ಗಳ ಯುವಜನರಲ್ಲಿ ಎಷ್ಟು ಮಂದಿಯ ಹೆಸರು ಪಟ್ಟಿಯಲ್ಲಿದೆ? ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ಸೇರಿದೆಯೇ? ತೀರಿಕೊಂಡವರ, ಊರು ಬಿಟ್ಟವರ ಹೆಸರು ತೆಗೆಸಲಾಗಿದೆಯೇ? ಪ್ರತಿ ವಾಳೆಯ ಗುರಿಕಾರರು ಮನೆಮನೆಗೆ ಹೋದಾಗ ಇದನ್ನೂ ಒಮ್ಮೆ ವಿಚಾರಿಸಿದರೆ ಪಾಲನಾ ಮಂಡಳಿಗೆ ಹೆಚ್ಚಿನ ಹೊರೆಯೇನೂ ಆಗದು. ಯಾರಿಗೆ ಮತ ಎಂದು ಹೇಳುವುದು ಚರ್ಚಿನ ಕೆಲಸವಲ್ಲ. ಮತದ ಹಕ್ಕು ಯಾರ ಕೈತಪ್ಪದಂತೆ ನೋಡುವುದು, ಸಾರ್ವಜನಿಕ ಕೆಲಸಕ್ಕೆ ಮುಂದೆ ಬರುವ ಯುವಕ ಯುವತಿಯರ ಬೆನ್ನು ತಟ್ಟುವುದು ಖಂಡಿತ ನಮ್ಮೆಲ್ಲರ ಕೆಲಸ.

ಐದು ತಿಂಗಳ ಕೂಸನ್ನು ಎತ್ತಿಕೊಂಡು ಜೈಲಿಗೆ ಹೋದ ತಾಯಿ, ವಕೀಲಿ ಬಿಟ್ಟು ಬೀದಿಗಿಳಿದ ತಂದೆ ಗಳಿಸಿಕೊಟ್ಟ ಹಕ್ಕು ಅದು. ಮುಂದಿನ ಚುನಾವಣೆಗೆ ಮುನ್ನ ನಮ್ಮ ನಮ್ಮ ಮನೆಯ ಹೆಸರುಗಳನ್ನು ಪಟ್ಟಿಯಲ್ಲಿ ಹುಡುಕಿ ನೋಡುವುದರಿಂದಲೇ ಅವರ ಸ್ಮರಣೆ ಆರಂಭವಾಗಲಿ.